ನೆತ್ತಿಯ ಮೇಲಿನ ಸೂರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಎರಡರಲ್ಲಿಯೂ ಕೈಯಲ್ಲಿದ್ದ ಹಣ ಕರಗುತ್ತದೆ, ನೆಂಟರಿಷ್ಟರ ಸಲಹೆಗಳು ಮಾತ್ರ ಕರಗುವುದಿಲ್ಲ. ಮನೆ ಕಟ್ಟುವಾಗ ಪಾಯ ತೋಡುವ ದಿನ ಇಲ್ಲದ ಚರ್ಚೆ, ಗೋಡೆ ಏಳುವ ದಿನಗಳಲ್ಲಿ ಇಲ್ಲದ ಚರ್ಚೆ, ಮೇಲೆ ಏನನ್ನು ಹೊದಿಸಬೇಕೆಂಬ ಹಂತಕ್ಕೆ ಬಂದಾಗ ಹುಟ್ಟಿಕೊಳ್ಳುತ್ತದೆ. ಅದು ಸಹಜವೇ ಸರಿ. ಮನೆಯಿಲ್ಲದವನನ್ನು ನಾವು ಗೋಡೆಯಿಲ್ಲದವನು ಎಂದು ಕರೆಯುವುದಿಲ್ಲ. ತಲೆಯ ಮೇಲೊಂದು ಸೂರಿಲ್ಲದವನು ಎನ್ನುತ್ತೇವೆ. ಕನ್ನಡದಲ್ಲಿ ಸೂರು ಎಂದರೆ ಮನೆಯೆಂದೇ ಅರ್ಥವಾಗಿಬಿಟ್ಟಿದೆ. ಇಷ್ಟು ಮುಖ್ಯವಾದ ಸೂರಿನ ಆಯ್ಕೆಯನ್ನು ಮೇಸ್ತ್ರಿಯ ಅಭ್ಯಾಸಕ್ಕೋ ಎದುರುಮನೆಯವರ ಮಾದರಿಗೋ ಬಿಟ್ಟುಬಿಡುವುದು ಸರಿಯೆ ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ವಿಷಯ.

ವಿಚಾರಕ್ಕೆ ಆಧಾರವಾಗಿ ಒಂದು ಊರನ್ನು ಎದುರಿಗಿಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆಯ ಮದ್ದೂರಿಗೆ ಸಮೀಪದಲ್ಲಿ, ಶಿಂಷಾ ನದಿಯ ದಡದಲ್ಲಿ, ವೈದ್ಯನಾಥಪುರವೆಂಬ ಹಳ್ಳಿಯುಂಟು. ಇದು ಹವಾಮಾನದ ದೃಷ್ಟಿಯಿಂದ ಕಠಿಣವಾದ ಸೀಮೆ ಎಂದರೆ ಹೊರಗಿನವರು ನಕ್ಕಾರು. ಇಲ್ಲಿ ಹಿಮ ಬೀಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಮಂಡ್ಯ ಜಿಲ್ಲೆಗೆ ದೊರೆಯುವುದು ಸುಮಾರು 700 ಮಿಲಿಮೀಟರು, ಅಂದರೆ ಅದರ ಹತ್ತರಲ್ಲಿ ಒಂದು ಪಾಲು. ರಾಯಚೂರು, ಕಲಬುರಗಿಗಳ ಉರಿಬಿಸಿಲೂ ನಮ್ಮದಲ್ಲ. ಆದರೂ ಮಾರ್ಚಿಯಿಂದ ಮೇ ತಿಂಗಳವರೆಗೆ ಹಗಲಿನ ಉಷ್ಣತೆ 35 ಡಿಗ್ರಿಯನ್ನು ದಾಟುವುದು ಇಲ್ಲಿ ಸಾಮಾನ್ಯ. ಆ ಬೇಗೆಯ ನಡುವೆಯೇ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲುಗಳೊಡನೆ ಬಿರುಗಾಳಿಯ ಮಳೆ ಎರಗುತ್ತದೆ. ಒಮ್ಮೊಮ್ಮೆ ಆನೆಕಲ್ಲೂ ಬೀಳುತ್ತದೆ. ಮತ್ತೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಜಡಿಮಳೆ. ಬಿಸಿಲು, ಗಾಳಿ, ಮಳೆ ಈ ಮೂರನ್ನೂ ತಡೆಯಬಲ್ಲ ಸೂರು ನಮಗೆ ಬೇಕು. ಮೂರರಲ್ಲಿ ಅತಿ ದೀರ್ಘಕಾಲ ಪೀಡಿಸುವುದು ಬಿಸಿಲು.

ಇಲ್ಲಿ ಭೂಗೋಳದ ಒಂದು ಸಂಗತಿಯನ್ನು ನೆನೆಯಬೇಕು. ಮದ್ದೂರಿನ ಸೀಮೆ ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಆಸುಪಾಸಿನಲ್ಲಿದೆ. ಆದುದರಿಂದ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿನಲ್ಲಿ ಅಂಗಳದ ಕಂಬಕ್ಕೆ ನೆರಳೇ ಇರುವುದಿಲ್ಲ. ಗೋಡೆಗಳ ಮೇಲೆ ಬಿಸಿಲು ಓರೆಯಾಗಿ ತಾಕಿ ಜಾರಿಹೋದರೆ, ಚಾವಣಿಯ ಮೇಲೆ ಅದು ನೆಟ್ಟಗೆ ಬೀಳುತ್ತದೆ. ದೂರದ ಉತ್ತರದ ಶೀತದೇಶಗಳಲ್ಲಿ ಸೂರ್ಯ ಸದಾ ಓರೆಯಾಗಿರುವುದರಿಂದ ಅಲ್ಲಿಯವರಿಗೆ ಗೋಡೆಯ, ಕಿಟಕಿಯ ಚಿಂತೆ ಹೆಚ್ಚು. ನಮ್ಮ ಮನೆಯ ಸೆಕೆಗೆ ಮುಖ್ಯ ಕಾರಣ ಮಾತ್ರ ಸೂರೇ. ಗೋಡೆಗೆ ಬೆಲೆಬಾಳುವ ಬಣ್ಣ ಬಳಿಸಿ ಸೂರಿನ ಬಗ್ಗೆ ಯೋಚಿಸದವನು, ಒಲೆಯ ಮೇಲೆ ಕುಳಿತು ಬೀಸಣಿಗೆ ಆರಿಸಿದಂತೆ.

ಈ ಸೀಮೆಯ ಹಳ್ಳಿಗಳ ಬೀದಿಯಲ್ಲಿ ನಡೆದರೆ ಕಳೆದ ನೂರು ವರ್ಷಗಳ ಸೂರಿನ ಚರಿತ್ರೆ ಇನ್ನೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಹಿಂದೆ ಬಡವರ ಮನೆಗೆ ಹುಲ್ಲು, ತೆಂಗಿನ ಗರಿ ಇವೇ ಹೊದಿಕೆ. ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಗಿ, ಕಬ್ಬು ಜಿಲ್ಲೆಯ ಮುಖ್ಯ ಬೆಳೆಯಾದ ಮೇಲೆ ಕಬ್ಬಿನ ಸೋಗೆಯೂ ಸೂರಿಗೇರಿತು. ಆಲೆಮನೆಗಳಿಗಂತೂ ಅದೇ ಛತ್ರಿ. ಸೋಗೆಯ ಸೂರು ತಂಪು. ಅದರ ಎಳೆಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಲಿನ ಕಾವನ್ನು ಒಳಗೆ ಬಿಡುವುದಿಲ್ಲ. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸದಿದ್ದರೆ ಸೋರುತ್ತದೆ. ಇಲಿ ಗೂಡು ಕಟ್ಟುತ್ತದೆ, ಇಲಿಯನ್ನು ಹುಡುಕಿಕೊಂಡು ಹಾವು ಬರುತ್ತದೆ. ಒಂದು ಕಿಡಿ ಹಾರಿದರೆ ಇಡೀ ಕೇರಿ ಬೂದಿಯಾಗುತ್ತದೆ. ಗುಡಿಸಲಿನ ತಂಪನ್ನು ಹೊಗಳಿ ಬರೆಯುವವರಲ್ಲಿ ಹೆಚ್ಚಿನವರು ಗುಡಿಸಲಿನಲ್ಲಿ ಮಳೆಗಾಲ ಕಳೆದವರಲ್ಲ.

ಸ್ವಲ್ಪ ಅನುಕೂಲವಿದ್ದವರು ನಾಡಹೆಂಚು ಹೊದಿಸುತ್ತಿದ್ದರು. ಕುಂಬಾರನು ತಿಗರಿಯ ಮೇಲೆ ಕೊಳವೆಯಾಕಾರದಲ್ಲಿ ಮಣ್ಣನ್ನು ಎತ್ತಿ, ಉದ್ದಕ್ಕೆ ಎರಡಾಗಿ ಸೀಳಿ, ಒಣಗಿಸಿ ಸುಟ್ಟರೆ ಒಂದು ಜೊತೆ ಹೆಂಚು ಸಿದ್ಧ. ಒಂದು ಸಾಲು ಅಂಗಾತ, ಅದರ ಮೇಲೊಂದು ಸಾಲು ಬೋರಲು. ನಡುವೆ ಗಾಳಿಗೆ ಸಣ್ಣ ಸಣ್ಣ ಓಣಿಗಳು. ತೊಟ್ಟಿಮನೆಗಳ ಹಜಾರ, ಪಡಸಾಲೆಗಳನ್ನು ಕಾಯುತ್ತಿದ್ದುದು ಈ ಹೆಂಚೇ.

ಆಮೇಲೆ ಬಂದದ್ದು ಮಂಗಳೂರು ಹೆಂಚು. ಇದರ ಕಥೆ ಕುತೂಹಲಕರವಾದುದು. ಬಾಸೆಲ್ ಮಿಷನ್ ಸಂಸ್ಥೆಗೆ ಸೇರಿದ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನಿಯವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ನದಿಬಯಲಿನ ಜೇಡಿಮಣ್ಣನ್ನು ಯಂತ್ರದಲ್ಲಿ ಒತ್ತಿ, ಒಂದರ ಅಂಚು ಇನ್ನೊಂದರ ಅಂಚಿನೊಳಗೆ ಕೂರುವಂತೆ ಅಚ್ಚು ಹಾಕಿ ಸುಡುವ ವಿಧಾನ ಅದು. ನಾಡಹೆಂಚಿನಂತೆ ಎರಡು ಪದರ ಬೇಕಿಲ್ಲ. ಆದುದರಿಂದ ಭಾರ ಕಡಿಮೆ, ಮರಮುಟ್ಟೂ ಕಡಿಮೆ. ಹಡಗುಗಳಲ್ಲಿ ಅದು ಮುಂಬಯಿಗೂ ಕಡಲಾಚೆಯ ನಾಡುಗಳಿಗೂ ಹೋಯಿತು. ಮುಂದೆ ಬೇರೆ ಬೇರೆ ಊರುಗಳವರೂ ಆ ಮಾದರಿಯ ಹೆಂಚನ್ನು ಸುಟ್ಟರು. ಎಲ್ಲಿ ಸುಟ್ಟರೂ ಹೆಸರು ಮಾತ್ರ ಮಂಗಳೂರು ಹೆಂಚೇ! ಪರದೇಶದವರು ಕಂಡುಹಿಡಿದ ವಸ್ತುವೊಂದು ನಮ್ಮ ಹಳ್ಳಿಗಳಿಗೆ ಹುಟ್ಟಿದಾಗಿನಿಂದ ಇದ್ದಂತೆ ಒಗ್ಗಿಹೋದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ಈಚಿನ ದಶಕಗಳಲ್ಲಿ ಹೆಂಚು ಇಳಿಯುತ್ತಿದೆ, ತಗಡು, ಕಲ್ನಾರಿನ ಶೀಟು, ಕಾಂಕ್ರೀಟಿನ ತಾರಸಿಗಳು ಏರುತ್ತಿವೆ. ಇಳಿಸಿದ ಹೆಂಚುಗಳು ಹಿತ್ತಲಿನ ಮೂಲೆಯಲ್ಲಿ ಪಾಚಿಗಟ್ಟುತ್ತವೆ. ಇಲ್ಲವೆ ನಗರದಿಂದ ಬಂದವರು ಅವನ್ನು ಕೊಂಡೊಯ್ದು ವಿಹಾರಗೃಹಗಳಿಗೆ ಹೊದಿಸಿ, ಹಳ್ಳಿಯ ಸೊಗಸೆಂದು ಬಾಡಿಗೆಗೆ ಕೊಡುತ್ತಾರೆ.

ಈ ಹೊಸ ಸೂರುಗಳ ಕೆಳಗೆ ಏನಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಯಾವ ವಸ್ತುವೇ ಆಗಲಿ, ಬಿಸಿಲಿಗೆ ಮೂರು ಕೆಲಸ ಮಾಡಬಹುದು: ಹಿಂದಕ್ಕೆ ಕಳುಹಿಸಬಹುದು, ಕೆಳಕ್ಕೆ ಬಿಟ್ಟುಕೊಡಬಹುದು, ತನ್ನಲ್ಲಿಯೇ ಇಟ್ಟುಕೊಳ್ಳಬಹುದು. ತಗಡು ಕಾವನ್ನು ಇಟ್ಟುಕೊಳ್ಳುವುದಿಲ್ಲ, ತಡೆಯುವುದೂ ಇಲ್ಲ. ಬಿಸಿಲೇರಿದ ಕ್ಷಣದಲ್ಲಿಯೇ ಒಳಗಿನವರ ತಲೆಯ ಮೇಲೆ ಸುರಿಯುತ್ತದೆ. ರಾತ್ರಿ ಬೇಗ ಆರುವುದೊಂದೇ ಅದರ ಗುಣ. ಹೆಂಚೂ ಕಾಯುತ್ತದೆ, ಆದರೆ ಸುಟ್ಟ ಮಣ್ಣಿನಲ್ಲಿ ಕಾವು ತಗಡಿನಲ್ಲಿ ಹರಿದಷ್ಟು ಸರಾಗವಾಗಿ ಹರಿಯುವುದಿಲ್ಲ. ಇಳಿಜಾರಾದ ಮಾಡಿನ ಎತ್ತರಕ್ಕೆ ಏರಿದ ಬಿಸಿಗಾಳಿ ಹೆಂಚಿನ ಸಂದುಗಳಿಂದ ಹೊರಬೀಳುತ್ತದೆ. ಕೆಳಗೊಂದು ಅಟ್ಟವಿದ್ದರಂತೂ ಕಾವು ಅಟ್ಟದಲ್ಲಿಯೇ ನಿಲ್ಲುತ್ತದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ, ತೆಳುವಾದ ಹೆಂಚು ಆರಿ ಮನೆ ತಣ್ಣಗಾಗುತ್ತದೆ.

ಕಾಂಕ್ರೀಟಿನ ಸ್ವಭಾವ ಬೇರೆ. ನಾಲ್ಕೈದು ಅಂಗುಲ ದಪ್ಪದ ತಾರಸಿ ಹಗಲೆಲ್ಲ ಕಾವನ್ನು ಕುಡಿಯುತ್ತ ಕೂರುತ್ತದೆ. ಕಡುಬೇಸಿಗೆಯಲ್ಲಿ ಅದರ ಮೇಲ್ಮೈ 60 ಡಿಗ್ರಿಯನ್ನು ಮುಟ್ಟುವುದುಂಟು. ಬರಿಗಾಲಿನಲ್ಲಿ ಹಪ್ಪಳ ಒಣಹಾಕಲು ಹೋದವರನ್ನು ಕೇಳಿನೋಡಿ. ಮೇಲಿನ ಆ ಕಾವು ಕೆಳಮುಖಕ್ಕೆ ಇಳಿದು ಬರಲು ಸುಮಾರು ಮೂರು ಗಂಟೆ ಹಿಡಿಯುತ್ತದೆ. ಹೀಗಾಗಿ ಮಧ್ಯಾಹ್ನ ತಾರಸಿಮನೆ ಅಷ್ಟೇನೂ ಸುಡುವುದಿಲ್ಲ. ಹೊಸ ಮನೆಯ ಗೃಹಪ್ರವೇಶಕ್ಕೆ ಹಗಲು ಬಂದು ಉಂಡುಹೋದ ನೆಂಟರು, ಎಷ್ಟು ತಂಪಾಗಿದೆ ಎಂದು ಹೊಗಳುವುದೂ ಉಂಟು. ಆ ಸೂರು ತನ್ನ ಸಾಲವನ್ನು ತೀರಿಸುವುದು ಸಂಜೆಯಿಂದ ನಡುರಾತ್ರಿಯವರೆಗೆ. ಹೊರಗೆ ಬೀದಿಯಲ್ಲಿ ತಂಗಾಳಿ ಬೀಸುತ್ತಿರುವಾಗ ಒಳಗೆ ಮಲಗಿದವರ ಮೈಮೇಲೆ ಅದು ಕಾವನ್ನು ಬೀರುತ್ತಲೇ ಇರುತ್ತದೆ. ಪಂಖ ತಿರುಗಿಸಿದರೆ ಅದೇ ಬಿಸಿಗಾಳಿ ಕೆಳಗಿಳಿಯುತ್ತದೆ.

ಹರೆಯದವರು ಚಾಪೆ ಸುತ್ತಿಕೊಂಡು ತಾರಸಿಯ ಮೇಲಕ್ಕೋ ಜಗಲಿಗೋ ಹೋಗಿ ಮಲಗಿಯಾರು. ಮೆಟ್ಟಿಲು ಹತ್ತಲಾರದ ಮುದುಕಿ, ಬಾಗಿಲು ಮುಚ್ಚಿದ ಕೋಣೆಯಲ್ಲಿರುವ ಬಾಣಂತಿ ಮತ್ತು ಕೂಸು, ಜ್ವರದಲ್ಲಿ ಮಲಗಿದವನು ಎಲ್ಲಿಗೆ ಹೋಗಬೇಕು? ನಸುಕಿನಲ್ಲೆದ್ದು ಕಬ್ಬು ಕಡಿಯಲು ಹೋಗಬೇಕಾದವನಿಗೆ ರಾತ್ರಿಯ ನಿದ್ದೆಯೇ ದೇಹ ಆರುವ ಹೊತ್ತು. ಅದೂ ತಪ್ಪಿದರೆ ಮರುದಿನದ ಬಿಸಿಲನ್ನು ಅವನು ಯಾವ ಬಲದಿಂದ ಎದುರಿಸಿಯಾನು? ನಿಮ್ಮ ಪರೀಕ್ಷೆಗಳು ನಡೆಯುವುದೂ ಬೇಸಿಗೆಯ ಆರಂಭದ ಇದೇ ದಿನಗಳಲ್ಲಿ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಮನೆಯ ಸೂರನ್ನು ಆರಿಸುವಾಗ, ಆ ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರು ಮೇ ತಿಂಗಳ ರಾತ್ರಿ ಒಂಬತ್ತು ಗಂಟೆಗೆ ಅದರ ಕೆಳಗೆ ಹೇಗಿರುತ್ತಾರೆ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಬಾಳಿಕೆ, ಅಂದ, ಅಂತಸ್ತುಗಳ ಪ್ರಶ್ನೆಗಳು ಅದರ ಹಿಂದೆ ಬರಲಿ.

ಈ ಪ್ರಶ್ನೆಯನ್ನು ಸರಕಾರದ ಲೆಕ್ಕಪತ್ರಗಳೂ ಕೇಳಿಲ್ಲ. ಜನಗಣತಿಯವರು ಮನೆಮನೆಗೆ ಬಂದು ಚಾವಣಿ ಯಾವುದರದೆಂದು ಬರೆದುಕೊಳ್ಳುತ್ತಾರೆ. 2011ರ ಗಣತಿಯಲ್ಲಿಯೂ ಬರೆದುಕೊಂಡರು. ಹುಲ್ಲು, ಗರಿಗಳದಾದರೆ ಅದು ತಾತ್ಕಾಲಿಕ ಎಂಬ ಪಟ್ಟಿಗೆ ಸೇರುತ್ತದೆ. ತಗಡು, ಕಲ್ನಾರು, ಕಾಂಕ್ರೀಟುಗಳು ಶಾಶ್ವತದ ಪಟ್ಟಿಗೆ ಸೇರುತ್ತವೆ. ಸುಡುವ ತಗಡಿನ ಕೆಳಗೆ ಬೇಯುವ ಕುಟುಂಬವೂ ಲೆಕ್ಕದಲ್ಲಿ ಪಕ್ಕಾ ಮನೆಯ ನಿವಾಸಿ. ಬೆಂಕಿ, ಮಳೆಗಳಿಂದ ರಕ್ಷಣೆ ಎಷ್ಟು ಎಂದು ಅಳೆಯಲು ಈ ವಿಂಗಡಣೆ ಸಾಕು; ವಾಸಯೋಗ್ಯತೆಯನ್ನು ಅಳೆಯಲು ಸಾಲದು.

ತಗಡು, ಕಲ್ನಾರುಗಳ ವಿಷಯದಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ದನದ ಕೊಟ್ಟಿಗೆಗೂ ತಗಡು ಒಳ್ಳೆಯದಲ್ಲ; ದನಕ್ಕೆ ಬಾಯಿಲ್ಲವೆಂದು ಹೊದಿಸುತ್ತೇವೆ. ಬಿರುಗಾಳಿಗೆ ಕಿತ್ತುಹಾರಿದ ತಗಡು ಕತ್ತಿಯಂತೆ ಅಪಾಯಕಾರಿ. ಹಾರದಿರಲೆಂದು ಅದರ ಮೇಲೆ ದಿಂಡುಗಲ್ಲು ಹೇರುವುದನ್ನು ನೀವೂ ಕಂಡಿದ್ದೀರಿ. ನಾನು ಪಾಠ ಹೇಳಿದ ಒಂದು ಶಾಲೆಯ ಕೊಠಡಿಗೆ ತಗಡಿನ ಮಾಡಿತ್ತು. ಮಳೆ ಬಂದೊಡನೆ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಲ್ಲುವುದೇ ಆಗ ನನ್ನ ಪಾಠ; ಎಷ್ಟು ಕೂಗಿದರೂ ಮುಂದಿನ ಬೆಂಚಿನವರಿಗೂ ಕೇಳಿಸುತ್ತಿರಲಿಲ್ಲ. ಕಲ್ನಾರಿನ ಶೀಟಿನ ದೋಷ ಇನ್ನೂ ಗಂಭೀರವಾದುದು. ಆಸ್ಬೆಸ್ಟಾಸ್ ಎಂಬ ಖನಿಜದ ಸೂಕ್ಷ್ಮವಾದ ಎಳೆಗಳನ್ನು ಸಿಮೆಂಟಿನೊಡನೆ ಬೆರೆಸಿ ಅದನ್ನು ತಯಾರಿಸುತ್ತಾರೆ. ಆ ಎಳೆಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ಹಲವು ವರ್ಷಗಳ ಮೇಲೆ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಯಾವ ಬಗೆಯ ಆಸ್ಬೆಸ್ಟಾಸೂ ಈ ದೋಷದಿಂದ ಹೊರತಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ನಿಷೇಧಿಸಿವೆ. ಶೀಟು ಅಲುಗಾಡದೆ ಮೇಲಿರುವಾಗ ಅಪಾಯ ಕಡಿಮೆ. ಕೊಯ್ಯುವಾಗ, ಕೊರೆಯುವಾಗ, ಒಡೆದುಹಾಕುವಾಗ ಏಳುವ ಧೂಳೇ ಕಂಟಕ. ಒಡೆದ ಚೂರುಗಳೊಡನೆ ಮಕ್ಕಳು ಆಡಬಾರದು.

ಕಾಂಕ್ರೀಟಿನ ವಿಷಯದಲ್ಲಿ ಇಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಜನ ಅದನ್ನು ಬರಿಯ ಪ್ರತಿಷ್ಠೆಗೆ ಆರಿಸುತ್ತಾರೆಂದು ಹೇಳುವವರು ಹೆಂಚಿನ ಮನೆಯ ಕಷ್ಟವನ್ನು ಅರಿಯರು. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಡು ಹತ್ತಿ ಒಡೆದ ಹೆಂಚು ತೆಗೆದು ಹೊಸದು ಹಾಕಿಸಬೇಕು. ಆ ಕೆಲಸ ಬಲ್ಲವರು ಈಗ ವಿರಳ. ರೀಪು, ಪಕಾಸಿಗಳಿಗೆ ಒಳ್ಳೆಯ ಮರ ದುಬಾರಿ. ಸಿಕ್ಕ ಮರಕ್ಕೆ ಗೆದ್ದಲು. ಎಲ್ಲಕ್ಕಿಂತ ಹೆಚ್ಚಾಗಿ ಕೋತಿಗಳ ಕಾಟ. ಒಂದು ಹಿಂಡು ಮಾಡಿನ ಮೇಲೆ ಅರ್ಧ ಗಂಟೆ ಕುಣಿದುಹೋದರೆ ಆ ವರ್ಷದ ದುರಸ್ತಿಯೆಲ್ಲ ವ್ಯರ್ಥ. ತಾರಸಿಗೆ ಈ ಚಿಂತೆಗಳಿಲ್ಲ. ಅದರ ಮೇಲೆ ರಾಗಿ, ಹುರುಳಿ ಒಣಹಾಕಬಹುದು. ಮಗನಿಗೆ ಮದುವೆಯಾದಾಗ ಮೇಲೊಂದು ಕೋಣೆ ಎತ್ತಬಹುದು. ತಲೆತಲಾಂತರದಿಂದ ಸೋರುವ ಸೂರಿನ ಕೆಳಗೆ ಬಾಳಿದವರು, ಸೋರದ ಸೂರನ್ನು ಬಯಸಿದರೆ ಅದನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ.

ಹಳೆಯದೆಲ್ಲವೂ ಹೊನ್ನು ಎಂಬ ಭ್ರಮೆಗೂ ಎಡೆ ಕೊಡಬಾರದು. ವಿಜಯಪುರ, ಬಾಗಲಕೋಟೆ, ಗದಗ ಸೀಮೆಗಳಲ್ಲಿ ಮರದ ಜಂತೆಗಳ ಮೇಲೆ ದಪ್ಪನಾಗಿ ಮಣ್ಣು ಹರವಿದ ಮಾಳಿಗೆ ಮನೆಗಳುಂಟು. ಮಳೆ ಕಡಿಮೆಯಾದ, ಬಿಸಿಲು ಕಟುವಾದ ಆ ನಾಡಿಗೆ ಅದಕ್ಕಿಂತ ತಂಪಾದ ಸೂರು ಮತ್ತೊಂದಿಲ್ಲ. ಆದರೆ 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ, ಆ ಭಾಗದಲ್ಲಿ ಎಂದೂ ಕಾಣದಂಥ ಮಳೆ ಎಡೆಬಿಡದೆ ಸುರಿದಾಗ ಆ ಮಣ್ಣಿನ ಮಾಳಿಗೆಗಳು ನೀರು ಕುಡಿದು, ಭಾರ ತಾಳಲಾರದೆ ಲೆಕ್ಕವಿಲ್ಲದಷ್ಟು ಕುಸಿದುವು. ಹಿರಿಯರ ಅನುಭವದಲ್ಲಿ ಇಲ್ಲದ ಹವೆಯನ್ನು ಹಿರಿಯರು ಕಟ್ಟಿದ ಸೂರು ಬಲ್ಲುದಾಗಿರಲಿಲ್ಲ.

ಹಾಗಾದರೆ ವೈದ್ಯನಾಥಪುರದಂಥ ಊರಿನಲ್ಲಿ ಇಂದು ಮನೆ ಕಟ್ಟುವವನು ಏನು ಮಾಡಬೇಕು? ಅಂಗಳ, ಹಿತ್ತಲುಗಳಿರುವ, ಮೇಲೆ ಮಹಡಿ ಎತ್ತುವ ಆಸೆಯಿಲ್ಲದ ಮನೆಗೆ ಇಂದಿಗೂ ಮಂಗಳೂರು ಹೆಂಚೇ ಯೋಗ್ಯವೆಂದು ನನಗೆ ತೋರುತ್ತದೆ. ಮರ ದೊರೆಯದಿದ್ದರೆ ಕಬ್ಬಿಣದ ಕೊಳವೆಗಳ ಮೇಲೆ ಹೊದಿಸಬಹುದು. ಗೆದ್ದಲಿನ ಭಯವೂ ತಪ್ಪುತ್ತದೆ. ಒಳಗೆ ಹಲಗೆಯದೋ ಬಿದಿರು ತಟ್ಟಿಯದೋ ಅಟ್ಟವೊಂದಿರಲಿ. ಕೋತಿಗಳಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ತಾರಸಿಯೇ ಬೇಕೆನ್ನುವವರಿಗೂ ದಾರಿಯಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಬಡವರ ಮನೆಗಳಿಗಾಗಿ ಒಂದು ವಿಧಾನವನ್ನು ಬಳಕೆಗೆ ತಂದರು. ತಾರಸಿಯ ಕೆಳಭಾಗದಲ್ಲಿ, ಕಂಬಿಗಳ ನಡುವಣ ಕಾಂಕ್ರೀಟು ಭಾರ ಹೊರುವ ಕೆಲಸವನ್ನೇನೂ ಮಾಡುವುದಿಲ್ಲ. ಆ ಜಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಇಟ್ಟು ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟೂ ಉಳಿಯುತ್ತದೆ, ಹೆಂಚುಗಳ ನಡುವೆ ಸಿಕ್ಕಿದ ಗಾಳಿ ಕಾವನ್ನೂ ತಡೆಯುತ್ತದೆ. ಹಿತ್ತಲಲ್ಲಿ ಪಾಚಿಗಟ್ಟುತ್ತಿರುವ ಹೆಂಚು ಹೊಸ ತಾರಸಿಯೊಳಗೆ ಹೀಗೆ ಮರಳಿ ಸೂರಾಗಬಹುದು. ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರವೂ ಅಗ್ಗವಾದ, ಹಿತವಾದ ಮನೆಗಳ ಬಗ್ಗೆ ದುಡಿದಿದೆ. ಇಂಥ ಕೆಲಸಕ್ಕೆ ತಿಳಿದ ಎಂಜಿನಿಯರರ ಮೇಲ್ವಿಚಾರಣೆ ಬೇಕು. ಕೇಳಿದ ಮಾತ್ರಕ್ಕೆ ಮೇಸ್ತ್ರಿಯಿಂದ ಮಾಡಿಸಬಾರದು.

ಈಗಾಗಲೇ ತಾರಸಿ ಕಟ್ಟಿಸಿಯಾಗಿದ್ದರೆ ಅತಿ ಸುಲಭವಾದ ಉಪಾಯ ಬಿಳಿಯ ಬಣ್ಣ. ಬೂದುಬಣ್ಣದ ಸಿಮೆಂಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಸುಣ್ಣ ಬಹುಪಾಲನ್ನು ಹಿಂದಕ್ಕಟ್ಟುತ್ತದೆ. ಗ್ರೀಸ್ ದೇಶದ ದ್ವೀಪಗಳ ಜನ ಇದನ್ನು ಬಹುಕಾಲದಿಂದ ಬಲ್ಲರು. 2010ರ ಉರಿಬೇಸಿಗೆಯಲ್ಲಿ ಅನೇಕರನ್ನು ಕಳೆದುಕೊಂಡ ಅಹಮದಾಬಾದು ನಗರ 2013ರಲ್ಲಿ ಬಿಸಿಲ ಬೇಗೆಯನ್ನು ಎದುರಿಸುವ ಯೋಜನೆಯೊಂದನ್ನು ರೂಪಿಸಿ, ಮುಂದೆ ಬಡವರ ಮನೆಗಳ ಚಾವಣಿಗೆ ಸುಣ್ಣ ಬಳಿಸುವುದನ್ನೂ ಅದಕ್ಕೆ ಸೇರಿಸಿತು. ನೆರೆಯ ತೆಲಂಗಾಣ ರಾಜ್ಯ 2023ರಲ್ಲಿ ತಂಪು ಚಾವಣಿಗಳಿಗಾಗಿಯೇ ನೀತಿಯೊಂದನ್ನು ಹೊರಡಿಸಿತು.

ನಮಗೆ ಇದಕ್ಕೆ ಯೋಜನೆಯೂ ಬೇಕಿಲ್ಲ. ಯುಗಾದಿಗೆ ಮೊದಲು ಗೋಡೆಗಳಿಗೆ ಸುಣ್ಣ ಬಳಿಯುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇದ್ದೇ ಇದೆ, ಬೇಸಿಗೆ ಏರುವುದೂ ಸರಿಯಾಗಿ ಆಗಲೇ. ಉಳಿದ ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ, ತಾರಸಿಯನ್ನು ಗುಡಿಸಿ ತೊಳೆದು, ತಂಪು ಹೊತ್ತಿನಲ್ಲಿ ಎರಡು ಬಾರಿ ಬಳಿದರಾಯಿತು. ಹಿಂಗಾರಿನ ಹೊತ್ತಿಗೆ ಅದು ತೊಳೆದುಹೋದೀತು. ಆಗ ಬಿಸಿಲಿನ ಕಾಲವೂ ಮುಗಿದಿರುತ್ತದೆ. ಶಾಲೆಯ ಪ್ರಯೋಗಶಾಲೆಯಿಂದ ಉಷ್ಣಮಾಪಕವೊಂದನ್ನು ಅನುಮತಿ ಪಡೆದು ತಂದು, ಸುಣ್ಣ ಬಳಿಯುವ ಮೊದಲು ಮೂರು ರಾತ್ರಿ, ಬಳಿದ ಮೇಲೆ ಮೂರು ರಾತ್ರಿ, ಒಂಬತ್ತು ಗಂಟೆಗೆ ಮಲಗುವ ಕೋಣೆಯ ಉಷ್ಣತೆಯನ್ನು ಬರೆದಿಟ್ಟುಕೊಳ್ಳಿರಿ. ಹೆಂಚಿನ ಮನೆಯ ಗೆಳೆಯನೊಬ್ಬನಿದ್ದರೆ ಅವನೂ ಅದೇ ಹೊತ್ತಿಗೆ ಬರೆದುಕೊಳ್ಳಲಿ.